ಕೋಟೆಗೊಂದು ಕಾಗದ, ಬಸ್ಸಿಗೊಂದು ಕಾಗದ

ಹೋದ ಮಳೆಗಾಲದಲ್ಲಿ ಹಿರಿಯರೊಬ್ಬರು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿರುವ, ಅರ್ಜಿ ಬರೆದುಕೊಡುವ ನನ್ನ ಅಂಗಡಿಗೆ ನಾಲ್ಕು ಪುಟದ ಅರ್ಜಿ ಹಿಡಿದುಕೊಂಡು ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಒಳಗಿಟ್ಟು ತಂದದ್ದು, ಒಂದು ಹನಿ ನೀರು ತಾಗಿರಲಿಲ್ಲ. ಪ್ರವಾಹ ಇದ್ದದ್ದು ಕಾಗದದ ಒಳಗೆ. ಕೆಳದಿಯ ಶಿವಪ್ಪ ನಾಯಕನಿಂದ ಸುರುವಾಗಿ ಹೈದರಾಲಿ, ಟಿಪ್ಪು, ಕುಂಪಣಿ, 1956ರ ರಾಜ್ಯ ವಿಂಗಡಣೆ, ಊರಿನ ಕೋಟೆಯ ಕಲ್ಲು ಕಿತ್ತು ಹಟ್ಟಿ ಕಟ್ಟಿದವರ ಹೆಸರು, ಹೆದ್ದಾರಿ ಅಗಲವಾದ ಮೇಲೆ ಕಾಣೆಯಾದ ಬಸ್ ಸ್ಟಾಪು, ಕೊನೆಯ ಪುಟದಲ್ಲಿ ಕನ್ನಡ ಶಾಲೆಗೆ ಮಾಸ್ತರರಿಲ್ಲವೆಂಬ ದೂರು. ವಿಳಾಸ: ಮಾನ್ಯ ಪ್ರಧಾನಮಂತ್ರಿಯವರು, ಹೊಸದಿಲ್ಲಿ.

"ಟೈಪು ಮಾಡಿ ಕೊಡು ಮಗಾ, ಒಂದಕ್ಷರ ಬಿಡಬೇಡ" ಅಂದರು.

ನಾನು ಟೈಪು ಮಾಡಲಿಲ್ಲ. ಚಾ ತರಿಸಿದೆ.

ಮೂವತ್ತು ವರ್ಷದಿಂದ ಅರ್ಜಿ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಅದಕ್ಕೂ ಮೊದಲು ಕಾಸರಗೋಡಿನ ತಾಲೂಕು ಕಚೇರಿ ಎದುರು ಅಪ್ಪ ಕನ್ನಡ ಟೈಪ್‌ರೈಟರು ಇಟ್ಟುಕೊಂಡು ಕೂರುತ್ತಿದ್ದರು. ಇಂಥ ಅರ್ಜಿ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತುಂಟು. ದಿಲ್ಲಿಗೆ ಹೋದದ್ದು ತಿರುವನಂತಪುರಕ್ಕೆ ಇಳಿಯುತ್ತದೆ, ಅಲ್ಲಿಂದ ವಿದ್ಯಾನಗರದ ಕಲೆಕ್ಟರೇಟಿಗೆ, ಅಲ್ಲಿಂದ ತಾಲೂಕಿಗೆ, ತಾಲೂಕಿನಿಂದ ವಿಲೇಜ್ ಆಫೀಸಿಗೆ. ಆ ಹೊತ್ತಿಗೆ ಆರೇಳು ತಿಂಗಳು ಕಳೆದು, ಯಾವ ವಿಷಯಕ್ಕೆ ಉತ್ತರ ಕೊಡಬೇಕೆಂದು ಯಾರಿಗೂ ಗೊತ್ತಾಗದೆ, "ಪರಿಶೀಲಿಸಲಾಗಿದೆ" ಎಂಬ ಒಂದೇ ಸಾಲು ಮಲಯಾಳದಲ್ಲಿ ಬರುತ್ತದೆ. ಹಾಗಾಗಿ ಆ ನಾಲ್ಕು ಪುಟವನ್ನು ನಾವಿಬ್ಬರೂ ಕೂತು ಐದು ಕಾಗದ ಮಾಡಿದೆವು. ಹೇಗೆ ಮಾಡಿದೆವು ಎನ್ನುವುದನ್ನು ಬರೆದಿಟ್ಟರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೂ ಉಪಯೋಗವಾದೀತು.

ಮೊದಲ ಕೆಲಸ ಬರೆಯುವುದಲ್ಲ, ಹರಿದು ಬೇರೆ ಮಾಡುವುದು. ಕೋಟೆ ಬೇರೆ, ಬಸ್ಸು ಬೇರೆ, ಬಸ್ಸಿಗೆ ಕಾಯುವ ಮಾಡು ಬೇರೆ, ರಸ್ತೆ ಬೇರೆ, ಶಾಲೆ ಬೇರೆ. ಒಂದು ಕಾಗದಕ್ಕೆ ಒಂದೇ ಬೇಡಿಕೆ, ಒಂದೇ ಕಚೇರಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಕೋಟೆಯೊಂದನ್ನು ಕಾಪಾಡಿ ಎಂದೂ, ಅದರ ಬಾಗಿಲಲ್ಲೇ ಬಸ್ ತಂಗುದಾಣ ಕಟ್ಟಿಸಿ ಎಂದೂ ಒಂದೇ ಅರ್ಜಿಯಲ್ಲಿ ಬರೆದುಕೊಟ್ಟೆ. ಕೋಟೆ ನೋಡಿಕೊಳ್ಳುವ ಕಚೇರಿ ತಂಗುದಾಣ ಕಟ್ಟಲಾಗದು ಅಂದಿತು. ಬಸ್ಸಿನ ಕಚೇರಿ, ಕೋಟೆಯ ವಿಷಯ ತೀರ್ಮಾನವಾಗಲಿ ಅಂದಿತು. ಒಂದರ ಕಾಲಿಗೆ ಇನ್ನೊಂದನ್ನು ಕಟ್ಟಿದವಳು ನಾನೇ. ಎರಡೂ ಓಡಲಿಲ್ಲ.

ಕೋಟೆಯ ಕಾಗದ

ಮೊದಲು ಕೋಟೆ ಯಾರದ್ದೆಂದು ತಿಳಿದುಕೊಳ್ಳಿ. ನಮ್ಮ ಸಂವಿಧಾನದಲ್ಲಿ ಹಳೆಯ ಕಟ್ಟಡಗಳನ್ನು ಮೂರು ಕಡೆ ಹಂಚಿದ್ದಾರೆ. ಸಂಸತ್ತು ರಾಷ್ಟ್ರೀಯ ಮಹತ್ವದ್ದೆಂದು ಸಾರಿದ್ದು ಕೇಂದ್ರಪಟ್ಟಿಯ 67ನೇ ನಮೂದಿನಲ್ಲಿ, ಉಳಿದ ಸ್ಮಾರಕ ರಾಜ್ಯಪಟ್ಟಿಯ 12ರಲ್ಲಿ, ಪುರಾತತ್ವ ಸ್ಥಳಗಳು ಸಮವರ್ತಿ ಪಟ್ಟಿಯ 40ರಲ್ಲಿ. ಇದನ್ನೆಲ್ಲ ಅರ್ಜಿಯಲ್ಲಿ ಬರೆಯಬೇಡಿ, ಓದುವವರಿಗೆ ಸಿಟ್ಟು ಬರುತ್ತದೆ. ನಿಮ್ಮ ತಲೆಯಲ್ಲಿ ಮಾತ್ರ ಇರಲಿ. ನಮ್ಮ ಜಿಲ್ಲೆಯಲ್ಲೇ ನೋಡಿ: ಬೇಕಲ ಕೋಟೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದ್ದು, ಅದರ ತ್ರಿಶ್ಶೂರು ವೃತ್ತ ನೋಡಿಕೊಳ್ಳುತ್ತದೆ. ಅದೇ ಕೆಳದಿಯವರ ಕಾಲದ ಚಂದ್ರಗಿರಿ ಕೋಟೆ, ಹೊಳೆಯ ತೆಂಕು ದಡದ್ದು, ರಾಜ್ಯದ ಪುರಾತತ್ವ ಇಲಾಖೆಯದ್ದು. ಒಂದಕ್ಕೆ 1958ರ ಕೇಂದ್ರ ಕಾಯ್ದೆ, ಇನ್ನೊಂದಕ್ಕೆ 1968ರ ಕೇರಳ ಕಾಯ್ದೆ. ಚಂದ್ರಗಿರಿಯ ಕಲ್ಲು ಬಿದ್ದಿದೆ ಎಂದು ತ್ರಿಶ್ಶೂರಿಗೆ ಬರೆದರೆ ಅವರು ಎಂತ ಮಾಡಿಯಾರು?

ಇವೆರಡೂ ಅಲ್ಲದ ಕೋಟೆಗಳೂ ಉಂಟು. ಗಡಿಯಾಚೆ ಈಚೆ ಎಲ್ಲ ಕಡೆ ಮಣ್ಣಿನ ದಿಬ್ಬ, ಮುರಕಲ್ಲಿನ ಗೋಡೆ, ಹೂತ ಕಂದಕ, ಕಾಡು ಹಬ್ಬಿದ ಬುರುಜು. ಕೆಲವಕ್ಕೆ ಊರಿನವರು ಕೋಟೆಗುಡ್ಡೆ ಅನ್ನುತ್ತಾರೆ, ಅಷ್ಟೇ. ದಾಖಲೆಯಲ್ಲಿ ಪುರಂಬೋಕು, ಅಂದರೆ ಸರಕಾರಿ ಜಾಗ. ನಮ್ಮ ಹಿರಿಯರದ್ದು ಇಂಥದ್ದೇ. ಇಂಥದ್ದನ್ನು ಪಟ್ಟಿಗೆ ಸೇರಿಸಿ ಎಂದು ಕೇಳುವುದಾದರೆ 1958ರ ಕಾಯ್ದೆಯ ಅಳತೆಗೋಲು ಗೊತ್ತಿರಬೇಕು. ಕನಿಷ್ಠ 100 ವರ್ಷ ಹಳೆಯದಾಗಿರಬೇಕು, ಐತಿಹಾಸಿಕವಾಗಿಯೋ ಪುರಾತತ್ವದ ದೃಷ್ಟಿಯಿಂದಲೋ ಬೆಲೆಯುಳ್ಳದ್ದಾಗಿರಬೇಕು, ಅವಶೇಷ ಇರಬೇಕು ಅಥವಾ ಇದೆಯೆಂದು ನಂಬಲು ಕಾರಣ ಇರಬೇಕು.

ಈ ಕೊನೆಯ ಮಾತಿನಲ್ಲೇ ಯುದ್ಧಭೂಮಿಗಳು ಸೋಲುವುದು. ಅರ್ಜಿಯಲ್ಲಿ ಎಲ್ಲರೂ ಯುದ್ಧವನ್ನು ವರ್ಣಿಸುತ್ತಾರೆ: ಕುದುರೆ ಎಷ್ಟು, ರಕ್ತ ಎಷ್ಟು ಹರಿಯಿತು, ತೋಡು ಹೇಗೆ ಕೆಂಪಾಯಿತು. ಕಾಯ್ದೆಗೆ ಬೇಕಾದದ್ದು ಕಲ್ಲು. 1837ರಲ್ಲಿ ಅಮರ ಸುಳ್ಯದ ರೈತರು ದಂಗೆಯೆದ್ದು ಬೆಳ್ಳಾರೆಯ ಖಜಾನೆ ಹಿಡಿದರು, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಅವರು ನಡೆದ ದಾರಿ, ಬೀಡುಬಿಟ್ಟ ಗದ್ದೆ ಯಾವುದಕ್ಕೂ ಗೋಡೆ ಇಲ್ಲ. ಗದ್ದೆಯಲ್ಲಿ ಈಗ ಅಡಿಕೆ ಇದೆ. ಅಂಥದ್ದೊಂದು ಜಾಗಕ್ಕೆ ನಾನು ಬಹಳ ಚಂದ ಅರ್ಜಿ ಬರೆದುಕೊಟ್ಟಿದ್ದೆ, ಓದಿದವರ ಕಣ್ಣಲ್ಲಿ ನೀರು ಬರುವ ಹಾಗೆ. "ಸದರಿ ಸ್ಥಳದಲ್ಲಿ ಅವಶೇಷಗಳು ಕಂಡುಬಂದಿಲ್ಲ" ಎಂದು ವಾಪಸು ಬಂತು. ಅವರದ್ದು ತಪ್ಪಲ್ಲ, ಕಾಯ್ದೆಯೇ ಹಾಗೆ. ಅಲ್ಲಿಂದ ಮೇಲೆ ನಾನು ವರ್ಣನೆ ಕಡಿಮೆ ಮಾಡಿ ಟೇಪು ಹಿಡಿಯಲು ಸುರುಮಾಡಿದೆ.

ಅಂದರೆ, ನೀವು ಮಾಡಬೇಕಾದದ್ದು ಇಷ್ಟು. ವಿಲೇಜ್ ಆಫೀಸಿಗೆ ಹೋಗಿ ಜಾಗದ ಸರ್ವೆ ನಂಬರು ತೆಗೆಯಿರಿ. ರೀಸರ್ವೆ ಆಗಿದ್ದರೆ ಹಳೆಯದು, ಹೊಸದು ಎರಡೂ ಬೇಕು. ನಮ್ಮದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಸೀಮೆಯಾದ್ದರಿಂದ ಹಳೆಯ ಕಾಗದ ಪತ್ರದಲ್ಲಿ ಹೆಸರು ಕನ್ನಡದ್ದಿರುತ್ತದೆ, ಈಗಿನ ಗಣಕಯಂತ್ರದಲ್ಲಿ ಮಲಯಾಳ ಉಚ್ಚಾರದ್ದು. ಹೊಸದುರ್ಗ ಹೋಸ್ದುರ್ಗ್ ಆಗಿದೆ, ಮಂಜೇಶ್ವರ ಮಂಜೇಶ್ವರಂ ಆಗಿದೆ, ಬೇಕಲ ಕೋಟೆಯನ್ನು ಹುಡುಕಬೇಕಾದದ್ದು ಪಳ್ಳಿಕೆರೆಯ ಕೆಳಗೆ. ಎರಡೂ ರೂಪ ಬರೆಯಿರಿ. ಹೆಸರಿನ ಮೇಲೆ ಅಭಿಮಾನ ತೋರಿಸುವ ಜಾಗ ಅರ್ಜಿಯಲ್ಲ, ಗುಮಾಸ್ತರು ಹುಡುಕಿದಾಗ ಸಿಗಬೇಕು ಅಷ್ಟೇ.

ಆಮೇಲೆ ಗೋಡೆಯ ಉದ್ದ, ಎತ್ತರ, ದಪ್ಪ ಅಳೆಯಿರಿ. ಹಗ್ಗದಲ್ಲಿ ಅಳೆದರೂ ಅಡ್ಡಿಯಿಲ್ಲ, ಅಡಿಯಲ್ಲೋ ಮೀಟರಿನಲ್ಲೋ ಒಂದರಲ್ಲೇ ಬರೆಯಿರಿ. ಫೋಟೋ ತೆಗೆಯುವಾಗ ಗೋಡೆಯ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ, ಎತ್ತರ ಗೊತ್ತಾಗುತ್ತದೆ. ಮೊಮ್ಮಕ್ಕಳು ನಗುತ್ತಾ ಎರಡು ಬೆರಳು ತೋರಿಸುವ ಫೋಟೋ ಬೇಡ. ಬೇಸಗೆಯಲ್ಲಿ ತೆಗೆಯಿರಿ. ಮಳೆಗಾಲದ ಫೋಟೋದಲ್ಲಿ ಕಾಣುವುದು ಕಮ್ಯುನಿಸ್ಟ್ ಗಿಡವೆಂಬ ಕಳೆ ಮಾತ್ರ. ಗುದ್ದಲಿ ಹಿಡಿದು ಒಂದು ಬುಟ್ಟಿ ಮಣ್ಣೂ ಅಗೆಯಬೇಡಿ, ನಿಧಿ ಹುಡುಕುವವರು ಎಂಬ ಹೆಸರು ಬಂದರೆ ಮತ್ತೆ ನಿಮ್ಮ ಕಾಗದವನ್ನು ಪೊಲೀಸರು ಓದುತ್ತಾರೆ. ಹಳೆಯ ಬರಹ ಯಾವುದಾದರೂ ಇದ್ದರೆ ಒಂದು ಸಾಲು ಸಾಕು. ಕುಂಪಣಿಯ ಪರವಾಗಿ ಸೀಮೆ ನೋಡಲು ಬಂದ ಫ್ರಾನ್ಸಿಸ್ ಬುಕನನ್ 1801ರ ಜನವರಿಯಲ್ಲಿ ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರ ಎಂದು ಇದೇ ಕರಾವಳಿಯಲ್ಲಿ ಬಡಗು ಮುಖವಾಗಿ ನಡೆದು ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾನೆ. ನಿಮ್ಮ ಊರು ಅವನ ದಾರಿಯಲ್ಲಿದ್ದರೆ ನಿಮ್ಮ ಪುಣ್ಯ. "ಅಜ್ಜ ಹೇಳುತ್ತಿದ್ದರು" ಎನ್ನುವುದನ್ನೂ ಬರೆಯಬಹುದು, ಆದರೆ ಕೊನೆಗೆ, ಮತ್ತು ಅದು ಅಜ್ಜ ಹೇಳಿದ್ದು ಎಂದೇ.

ಇನ್ನು ಊರಿನವರಿಗೆ ಮೊದಲೇ ಹೇಳಬೇಕಾದ ಕಹಿ ಮಾತು. ಕೇಂದ್ರ ಸರಕಾರ ಒಂದು ಜಾಗವನ್ನು ರಾಷ್ಟ್ರೀಯ ಮಹತ್ವದ್ದೆಂದು ಸಾರುವ ಮೊದಲು ಗೆಜೆಟ್ಟಿನಲ್ಲಿ ಎರಡು ತಿಂಗಳ ಸೂಚನೆ ಕೊಡುತ್ತದೆ, ಸ್ಮಾರಕದ ಹತ್ತಿರ ಎದ್ದು ಕಾಣುವಲ್ಲಿ ಪ್ರತಿ ಅಂಟಿಸುತ್ತದೆ. ಆ ಎರಡು ತಿಂಗಳಲ್ಲಿ ಸಂಬಂಧಪಟ್ಟ ಯಾರೂ ಆಕ್ಷೇಪ ಸಲ್ಲಿಸಬಹುದು. ಸಾರಿದ ಮೇಲೆ, 2010ರ ತಿದ್ದುಪಡಿಯ ಪ್ರಕಾರ, ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಇಲ್ಲವೇ ಇಲ್ಲ. ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬೇಕು. ಒಟ್ಟು 300 ಮೀಟರು. ನಮ್ಮ ಕಡೆ ಒಂದು ತರವಾಡು ಮನೆ, ಅದರ ತೋಟ, ಮಗಳಿಗೆಂದು ಇಟ್ಟ ಹತ್ತು ಸೆಂಟ್ಸು ಎಲ್ಲ ಅದರೊಳಗೇ ಬಂದುಬಿಡುತ್ತದೆ. ಇರುವ ಮನೆಯ ರಿಪೇರಿಗೆ ಅನುಮತಿ ಕೇಳಲು ದಾರಿ ಉಂಟು, ಆದರೆ ಕೇಳಲೇಬೇಕು. ಉಲ್ಲಂಘಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇದನ್ನು ಮುಚ್ಚಿಟ್ಟು ಸಹಿ ತೆಗೆದುಕೊಂಡವರ ಊರಿನಲ್ಲಿ ಆಮೇಲೆ ಕೋಟೆಗಿಂತ ದೊಡ್ಡ ಯುದ್ಧವಾಗಿದೆ. ಬಾಗಿಲಲ್ಲಿ ದೇವಸ್ಥಾನವೋ ಪಕ್ಕದಲ್ಲಿ ಮಸೀದಿಯೋ ಇದ್ದರೆ, ಬೇಕಲದಲ್ಲಿ ಎರಡೂ ಉಂಟಲ್ಲ, ಪೂಜೆ ನಿಲ್ಲಿಸುತ್ತಾರೆಂಬ ಹೆದರಿಕೆ ಬರುತ್ತದೆ. ಕಾಯ್ದೆಯ 16ನೇ ಕಲಮು ಹೇಳುವುದು ಬೇರೆ: ಆರಾಧನೆಯ ಜಾಗವನ್ನು ಅದರ ಸ್ವಭಾವಕ್ಕೆ ಒಗ್ಗದ ಕೆಲಸಕ್ಕೆ ಬಳಸಬಾರದು ಎಂದು. ಆ ಕಲಮಿನ ಪ್ರತಿ ಮಾಡಿ ಸಭೆಗೆ ಒಯ್ಯಿರಿ, ಅರ್ಧ ಗಲಾಟೆ ಕಡಿಮೆಯಾಗುತ್ತದೆ.

ನಮ್ಮ ಹಿರಿಯರು ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. "ನನ್ನ ತಮ್ಮನ ಮನೆ ಅರುವತ್ತು ಮೀಟರಿನಲ್ಲಿ ಉಂಟು" ಅಂದರು. ಕೊನೆಗೆ ಮೊದಲ ಕಾಗದವನ್ನು ದಿಲ್ಲಿಗೂ ಅಲ್ಲ, ತ್ರಿಶ್ಶೂರಿಗೂ ಅಲ್ಲ, ರಾಜ್ಯದ ಪುರಾತತ್ವ ಇಲಾಖೆಗೆ ಬರೆದೆವು: ಒಬ್ಬರನ್ನು ಕಳಿಸಿ, ನೋಡಿ ಹೋಗಲಿ. ಬೇಡಿಕೆ ಅಷ್ಟೇ. ನೋಡಿ ಹೋಗಿ ಎಂದು ಕೇಳಿದರೆ ಇಲ್ಲ ಅನ್ನುವುದು ಕಷ್ಟ, ಕಾಪಾಡಿ ಎಂದು ಕೇಳಿದರೆ ಇಲ್ಲ ಅನ್ನುವುದು ಸುಲಭ.

ರಸ್ತೆ, ಮತ್ತು ವರ್ಜೀನಿಯಾದ ಒಂದು ಮಾತು

ನನ್ನ ತಂಗಿಯ ಮಗ ಅಮೆರಿಕದ ವರ್ಜೀನಿಯಾದಲ್ಲಿದ್ದಾನೆ, ಮನಾಸಸ್ ಎಂಬ ಊರಿನ ಹತ್ತಿರ. ಅಲ್ಲಿ 1861ರಲ್ಲೂ 1862ರಲ್ಲೂ ಅವರ ಅಂತರ್ಯುದ್ಧದ ದೊಡ್ಡ ಕಾಳಗಗಳು ನಡೆದ ಬಯಲು ಉಂಟಂತೆ. ಬಯಲೇ, ಕೋಟೆಯಲ್ಲ. ಹುಲ್ಲು, ಬೇಲಿ, ಒಂದೆರಡು ಫಿರಂಗಿ. ಅದರ ಪಕ್ಕದಲ್ಲಿ ದೊಡ್ಡ ಮಾಲ್ ಕಟ್ಟಲು ಹೊರಟಾಗ 1988ರಲ್ಲಿ ಅವರ ಸಂಸತ್ತು ಕಾಯ್ದೆ ಮಾಡಿ 500 ಎಕರೆಗೂ ಮಿಕ್ಕಿ ಜಾಗವನ್ನು ತಾನೇ ತೆಗೆದುಕೊಂಡಿತು. ಅವನು ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ನಂಬಿಕೆಯಾಗಲಿಲ್ಲ, ಕಲ್ಲಿಲ್ಲದ ಗದ್ದೆಗೆ ಇಷ್ಟು ಮರ್ಯಾದೆಯೇ ಎಂದು. ಆಮೇಲೆ ಕೂತು ಓದಿದೆ.

ಅವರ ದುಡ್ಡಿನ ದಾರಿ ಚೋದ್ಯದ್ದು. ಒಂದು ಗ್ಯಾಲನ್ ಪೆಟ್ರೋಲಿಗೆ ಕೇಂದ್ರ ತೆರಿಗೆ 18.4 ಸೆಂಟು, ಅದರಲ್ಲಿ 2.86 ಸೆಂಟು ಬಸ್ಸು, ರೈಲು ಮುಂತಾದ ಸಾರ್ವಜನಿಕ ಸಾರಿಗೆಯ ಖಾತೆಗೆ. ಈ ಪಾಲು ಹಂಚುವ ಪದ್ಧತಿ 1982ರ ಕಾಯ್ದೆಯಿಂದ ಬಂದದ್ದು. ಯುದ್ಧಭೂಮಿಗಳಿಗೆ 1996ರಲ್ಲಿ ಬೇರೆಯೇ ಕಾಯ್ದೆ ಉಂಟು. ಅಂಥ ಜಾಗ ಕೊಳ್ಳಲು ಕೊಡುವ ಅನುದಾನ ಬರುವುದು ಸಮುದ್ರದಲ್ಲಿ ಎಣ್ಣೆ ತೆಗೆಯಲು ಕೊಟ್ಟ ಗುತ್ತಿಗೆಯ ಹಣದಿಂದ. ಅಷ್ಟೇ ಮೊತ್ತವನ್ನು ಕೇಳಿದವರೂ ಹಾಕಬೇಕು. ಬಸ್ಸಿಗೂ ಎಣ್ಣೆಯ ದುಡ್ಡು, ರಣರಂಗಕ್ಕೂ ಎಣ್ಣೆಯ ದುಡ್ಡು. ಇವೆರಡಕ್ಕೂ ನಡುವೆ ಗಂಟು ಹಾಕಿದ್ದು 1966ರ ಅವರ ಸಾರಿಗೆ ಇಲಾಖೆ ಕಾಯ್ದೆಯ ನಾಲ್ಕು ಎಫ್ ಎಂಬ ಕಲಮು: ಕೇಂದ್ರದ ದುಡ್ಡಿನ ರಸ್ತೆಯೋ ರೈಲೋ ಐತಿಹಾಸಿಕ ಜಾಗವನ್ನು ಬಳಸಬೇಕಾದರೆ, ಬೇರೆ ದಾರಿ ಇಲ್ಲವೇ ಇಲ್ಲ ಎಂದು ತೋರಿಸಬೇಕು, ಹಾನಿ ಕಡಿಮೆ ಮಾಡಲು ಸಾಧ್ಯವಾದದ್ದನ್ನೆಲ್ಲ ಮಾಡಬೇಕು. ಅಲ್ಲಿ ಹಣವೇ ಕಾವಲು ಕಾಯುತ್ತದೆ.

ನಮ್ಮಲ್ಲಿ ಕಾಯುವುದು ಮೀಟರು. ನೂರು ಮೀಟರಿನ ಒಳಗೆ ಬಂದರೆ ಕೋಟೆ ಗೆದ್ದಿತು, ಮುನ್ನೂರರ ಹೊರಗಿದ್ದರೆ ಯಾರೂ ಕೇಳುವವರಿಲ್ಲ, ಪಟ್ಟಿಯಲ್ಲೇ ಇಲ್ಲದ ಕೋಟೆಗೆ ಮೀಟರೂ ಇಲ್ಲ. ಆ ನೂರರೊಳಗೆ ಸರಕಾರದ ಸಾರ್ವಜನಿಕ ಕಾಮಗಾರಿಗೆ ದಾರಿ ಮಾಡಿಕೊಡುವ ಮಸೂದೆಯನ್ನು ಲೋಕಸಭೆ 2018ರ ಜನವರಿಯಲ್ಲಿ ಪಾಸು ಮಾಡಿತ್ತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು, ಕಾಯ್ದೆಯಾಗಲಿಲ್ಲ.

ಹಾಗಾಗಿ ರಸ್ತೆ ಬರುವುದಾದರೆ ನಿಮ್ಮ ಕೈಯಲ್ಲಿರುವುದು 21 ದಿನ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನ ಪ್ರಕಾರ ಭೂಸ್ವಾಧೀನದ ಸೂಚನೆ ಗೆಜೆಟ್ಟಿನಲ್ಲಿ ಬರುತ್ತದೆ, ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಒಂದು ಪ್ರಾದೇಶಿಕ ಭಾಷೆಯದ್ದು. ನಮ್ಮಲ್ಲಿ ಪ್ರಾದೇಶಿಕ ಅಂದರೆ ಹೆಚ್ಚಾಗಿ ಮಲಯಾಳ. ಕನ್ನಡ ಪೇಪರು ಮಾತ್ರ ಓದುವ ಮನೆಗೆ ಸುದ್ದಿ ಮುಟ್ಟುವಾಗ ಜೆಸಿಬಿ ಬಂದಿರುತ್ತದೆ. ಮನೆಯಲ್ಲಿ ಮಲಯಾಳ ಓದಬಲ್ಲ ಮಗುವಿಗೆ ವಾರಕ್ಕೊಮ್ಮೆ ಆ ಸಣ್ಣ ಅಕ್ಷರದ ಜಾಹೀರಾತು ಪುಟ ಓದಲು ಹೇಳಿ. ಆಕ್ಷೇಪದಲ್ಲಿ ಸರ್ವೆ ನಂಬರು, ಜಾಗದಲ್ಲಿ ನಿಮಗಿರುವ ಹಕ್ಕು, ಏನು ಹಾಳಾಗುತ್ತದೆ, ಎಷ್ಟು ಮೀಟರು ಸರಿಸಿದರೆ ಉಳಿಯುತ್ತದೆ, ಈ ನಾಲ್ಕು ಇರಲಿ. ಕೊನೆಯದ್ದು ಬಹಳ ಮುಖ್ಯ. ಬೇಡ ಎಂಬ ಕಾಗದ ಸಾವಿರ ಬರುತ್ತದೆ, ಹೀಗೆ ಮಾಡಿ ಎಂಬುದು ಒಂದೋ ಎರಡೋ.

ಬಸ್ಸಿನ ಕಾಗದ

ದಿಲ್ಲಿಯಿಂದ ಬಸ್ಸು ತರಿಸುತ್ತೇವೆ ಎನ್ನುವವರನ್ನು ನಾನು ನಂಬುವುದು ಬಿಟ್ಟಿದ್ದೇನೆ. ದಿಲ್ಲಿಯ ಬಸ್ಸಿನ ದುಡ್ಡು ಪೇಟೆಯ ದುಡ್ಡು. 2023ರ ಆಗಸ್ಟಿನಲ್ಲಿ ಮಂಜೂರಾದ ಪಿಎಂ ಇ-ಬಸ್ ಸೇವೆಯನ್ನೇ ನೋಡಿ: 10,000 ವಿದ್ಯುತ್ ಬಸ್ಸು, 57,613 ಕೋಟಿಯ ಅಂದಾಜು, ಅದರಲ್ಲಿ ಕೇಂದ್ರದ್ದು 20,000 ಕೋಟಿ. ಲೆಕ್ಕ ದೊಡ್ಡದು. ಆದರೆ 2011ರ ಜನಗಣತಿಯಲ್ಲಿ ಮೂರು ಲಕ್ಷ ದಾಟಿದ ನಗರಗಳಿಗೆ, ಅದರ ಮೇಲೆ ಕೆಲವು ರಾಜಧಾನಿಗಳಿಗೆ. ಕಾಸರಗೋಡು ನಗರಸಭೆ ಆ ಗಣತಿಯಲ್ಲಿ ಲಕ್ಷವನ್ನೂ ಮುಟ್ಟಿರಲಿಲ್ಲ. ಕೋಟೆಗುಡ್ಡೆಯ ಬುಡದ ಊರಿಗೆ ಅದನ್ನು ಕೇಳುವುದು ಅಂಚೆ ಖರ್ಚು ದಂಡ.

ಕೇಂದ್ರದ್ದು ಇಲ್ಲಿ ದುಡ್ಡಲ್ಲ, ಕಾಯ್ದೆ. 1988ರ ಮೋಟಾರು ವಾಹನ ಕಾಯ್ದೆ. ಖಾಸಗಿ ಬಸ್ಸಿನ ಪರ್ಮಿಟ್ಟು ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಆರ್‌ಟಿಎ. ಕೇರಳದಲ್ಲಿ ಅದರ ಅಧ್ಯಕ್ಷರು ಜಿಲ್ಲಾ ಕಲೆಕ್ಟರು. ಪರ್ಮಿಟ್ಟಿಗೆ ಅರ್ಜಿ ಹಾಕಬೇಕಾದವರು ಬಸ್ಸಿನ ಯಜಮಾನರು, ನೀವಲ್ಲ. ಬಸ್ಸು ಕಳಿಸಿ ಎಂದು ಆರ್‌ಟಿಎಗೆ ಬರೆದರೆ ಅದರ ಹತ್ತಿರ ಬಸ್ಸಿಲ್ಲ. ಮೊದಲು ಆ ದಾರಿಯಲ್ಲಿ ಓಡಿಸುವ ಮನಸ್ಸಿರುವ ಒಬ್ಬ ಯಜಮಾನರನ್ನು ಹುಡುಕಿ, ಅವರ ಅರ್ಜಿಯ ಜತೆಗೆ ಹೋಗಲು ನಿಮ್ಮ ಬೆಂಬಲದ ಕಾಗದ ಬರೆಯಿರಿ.

ಅದಕ್ಕೂ ಮೊದಲು ಎಣಿಸಿ. ಕಾಪಿ ಪುಸ್ತಕ ಹಿಡಿದು ಒಂದು ವಾರ ಬೆಳಗ್ಗೆ ಏಳರಿಂದ ಹತ್ತು, ಸಂಜೆ ಮೂರೂವರೆಯಿಂದ ಆರೂವರೆ ದಾರಿಯಲ್ಲಿ ಕೂತು, ನಡೆದು ಹೋಗುವವರೆಷ್ಟು, ಆಟೋ ಹತ್ತುವವರೆಷ್ಟು, ಶಾಲೆಯ ಮಕ್ಕಳೆಷ್ಟು ಎಂದು ಗೆರೆ ಎಳೆಯಿರಿ. ನಮ್ಮ ಹಿರಿಯರು ಸ್ವತಃ ಕೂತು ಎಣಿಸಿದರು. ಬುಧವಾರದ ಲೆಕ್ಕದಲ್ಲಿ ಒಂದು ಹೆಚ್ಚು ಬಂದಿತ್ತು, ತನ್ನನ್ನೂ ಸೇರಿಸಿಕೊಂಡಿದ್ದರು. "ಅನೇಕ ಜನರು ಕಷ್ಟಪಡುತ್ತಿದ್ದಾರೆ" ಎನ್ನುವ ವಾಕ್ಯವನ್ನು ಇಡೀ ಜಿಲ್ಲೆ ಬರೆಯುತ್ತದೆ. "ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ ಏಳರಿಂದ ಹತ್ತರೊಳಗೆ ದಿನಕ್ಕೆ ಇಷ್ಟು ಮಂದಿ" ಎಂದು ಬರೆದವರ ಕಾಗದ ಮೇಲೆ ಬರುತ್ತದೆ.

ಪೂರ್ತಿ ಪರ್ಮಿಟ್ಟಿಗೆ ಯಾರೂ ಧೈರ್ಯ ಮಾಡದಿದ್ದರೆ 87ನೇ ಕಲಮು ಉಂಟು, ತಾತ್ಕಾಲಿಕ ಪರ್ಮಿಟ್ಟು, ಹೆಚ್ಚೆಂದರೆ ನಾಲ್ಕು ತಿಂಗಳು. ಜಾತ್ರೆ, ಧಾರ್ಮಿಕ ಸಮಾರಂಭಗಳಿಗೆ ಜನ ಸಾಗಿಸಲು ಕೊಡಬಹುದು ಎಂದು ಕಾಯ್ದೆಯಲ್ಲೇ ಇದೆ. ನಮ್ಮ ಕಡೆ ಕೋಟೆಯ ಪಕ್ಕದಲ್ಲಿ ಒಂದು ಭೂತಸ್ಥಾನವೋ ಉರೂಸ್ ನಡೆಯುವ ಜಾಗವೋ ಇಲ್ಲದೆ ಇರುವುದು ಅಪರೂಪ. ಆ ನೆವದಲ್ಲಿ ಬಸ್ಸು ಒಮ್ಮೆ ಬರಲಿ. ಬಸ್ಸು ಓಡಿದ ದಾರಿಗೆ ಮತ್ತೆ ಬಸ್ಸು ಕೇಳುವುದು ಸುಲಭ, ಟಿಕೇಟಿನ ಲೆಕ್ಕವೇ ಸಾಕ್ಷಿ.

ಸರಕಾರಿ ಬಸ್ಸೇ ಬೇಕೆಂದರೆ ಪಂಚಾಯತಿಗೆ ಹೋಗಿ. ಕೇರಳದ ಕೆಎಸ್‌ಆರ್‌ಟಿಸಿಗೆ 2022ರಿಂದ ಗ್ರಾಮವಂಡಿ ಎಂಬ ಯೋಜನೆ ಉಂಟು: ಡೀಸೆಲ್ ಖರ್ಚು ಸ್ಥಳೀಯ ಸಂಸ್ಥೆಯದ್ದು, ಬಸ್ಸು, ಸಂಬಳ, ರಿಪೇರಿ ನಿಗಮದ್ದು. ಡೀಸೆಲಿನ ಲೆಕ್ಕ ಕೇಳಿದ ಕೂಡಲೇ ಸಭೆಯಲ್ಲಿ ಕೆಮ್ಮು ಸುರುವಾಗುತ್ತದೆ, ಅದು ಬೇರೆ ಮಾತು. ಎರಡು ಪಂಚಾಯತಿ ಸೇರಿ ಹಂಚಿಕೊಳ್ಳಲಿ ಎಂದು ಬರೆದರೆ ಸ್ವಲ್ಪ ಹಗುರ.

ತಲಪಾಡಿ ದಾಟಿ ಮಂಗಳೂರಿಗೋ, ಪೆರ್ಲ ದಾಟಿ ಪುತ್ತೂರಿಗೋ ಹೋಗುವ ಬಸ್ಸಾದರೆ ವ್ಯವಹಾರ ಎರಡು ರಾಜ್ಯದ್ದು. ಎರಡರದ್ದೂ ಹೆಸರು ಕೆಎಸ್‌ಆರ್‌ಟಿಸಿ ಎಂದೇ, ಎರಡಕ್ಕೂ ಬುಡ 1950ರ ರಸ್ತೆ ಸಾರಿಗೆ ನಿಗಮಗಳ ಕೇಂದ್ರ ಕಾಯ್ದೆಯೇ. ಅರ್ಜಿಯಲ್ಲಿ ಕೇರಳದ್ದೋ ಕರ್ನಾಟಕದ್ದೋ ಎಂದು ಬಿಡಿಸಿ ಬರೆಯದಿದ್ದರೆ ಅವರು ಇವರಿಗೆ, ಇವರು ಅವರಿಗೆ ದಾಟಿಸುತ್ತಾರೆ. ಎರಡು ರಾಜ್ಯಗಳು ಮಾರ್ಗಗಳ ಒಪ್ಪಂದ ಮಾಡಿಕೊಳ್ಳುವ ಮೊದಲು 88ನೇ ಕಲಮಿನಂತೆ ಪ್ರಸ್ತಾವವನ್ನು ಗೆಜೆಟ್ಟಿನಲ್ಲೂ ಪ್ರಾದೇಶಿಕ ಪತ್ರಿಕೆಯಲ್ಲೂ ಪ್ರಕಟಿಸಿ, ಅಹವಾಲಿಗೆ ಕಡಿಮೆಯೆಂದರೆ 30 ದಿನ ಕೊಡಬೇಕು. ನಿಮ್ಮೂರಿನ ಹೆಸರು ಮಾರ್ಗದಲ್ಲಿ ಸೇರಿಸಲು ಹೇಳುವ ಹೊತ್ತು ಅದೇ.

ಇನ್ನು ಮಾಡು. ಬಸ್ ತಂಗುದಾಣಕ್ಕೆ ಸಂಸದರ ನಿಧಿ ಸಿಗುತ್ತದೆ, ಒಬ್ಬರಿಗೆ ವರ್ಷಕ್ಕೆ 5 ಕೋಟಿ. ಸಂಸದರು ಶಿಫಾರಸು ಮಾತ್ರ ಮಾಡುವುದು, ಮಂಜೂರು ಮಾಡುವುದು ಜಿಲ್ಲಾಡಳಿತ. ಜಾಗ ಯಾರದ್ದು ಎಂಬ ಕಾಗದ ಇಲ್ಲದೆ ಶಿಫಾರಸು ತಂದರೆ ಅದು ಕಡತದಲ್ಲೇ ಮುದುಕಾಗುತ್ತದೆ. ನಾನು ಪೆಟ್ಟು ತಿಂದದ್ದು ಇಲ್ಲೇ: ಕೋಟೆ ಕೇಂದ್ರದ ಪಟ್ಟಿಯದ್ದಾದರೆ ಅದರ ಬಾಗಿಲಲ್ಲಿ ಮಾಡು ಕೇಳಬೇಡಿ. ಮಾಡೂ ಕಾಯ್ದೆಯ ಕಣ್ಣಿಗೆ ಕಟ್ಟಡವೇ. ನೂರು ಮೀಟರು ಅಳೆದು, ಅದರಾಚೆ ಒಂದು ಜಾಗ ತೋರಿಸಿ, ಅನುಮತಿಯ ಅರ್ಜಿಯನ್ನೂ ಬೇರೆಯಾಗಿ ಹಾಕಿ. ನೂರು ಮೀಟರು ನಡೆಯಲು ಎರಡು ನಿಮಿಷ ಬೇಡ.

ನಾವು ಬರೆದ ಬಸ್ಸಿನ ಕಾಗದದ ಒಡಲು ಇಷ್ಟೇ ಇತ್ತು, ಊರಿನ ಹೆಸರು ಬಿಟ್ಟು ಕೊಡುತ್ತೇನೆ:

"ವಿಷಯ: ಈ ದಾರಿಯಲ್ಲಿ ತಾತ್ಕಾಲಿಕ ಪರ್ಮಿಟ್ಟು ಕೋರಿ ಬಸ್ಸಿನ ಯಜಮಾನರು ಸಲ್ಲಿಸಿದ ಅರ್ಜಿಗೆ ಬೆಂಬಲ. ಮುಖ್ಯರಸ್ತೆಯಿಂದ ನಮ್ಮ ಊರಿಗೆ 4 ಕಿಲೋಮೀಟರು. ಈಗ ಈ ದಾರಿಯಲ್ಲಿ ಯಾವ ಬಸ್ಸೂ ಇಲ್ಲ. ಒಂದು ವಾರ ನಾವು ಎಣಿಸಿದ ಲೆಕ್ಕ ಲಗತ್ತಿಸಿದೆ. ರಸ್ತೆಯ ಅಗಲವನ್ನು ಐದು ಕಡೆ ಅಳೆದು ಬರೆದಿದೆ. ಬಸ್ಸು ತಿರುಗಿಸಲು ಶಾಲೆಯ ಮೈದಾನದ ಎದುರು ಜಾಗ ಉಂಟು. ಬೆಳಗ್ಗೆ ಒಂದು, ಸಂಜೆ ಒಂದು ಟ್ರಿಪ್ಪಿಗೆ ಅನುಮತಿ ಕೊಡಬೇಕಾಗಿ ವಿನಂತಿ. ವಿಚಾರಣೆಗೆ ಕರೆದರೆ ಬರುತ್ತೇವೆ."

ಶಿವಪ್ಪ ನಾಯಕ ಇದರಲ್ಲಿ ಇಲ್ಲ. ಹಿರಿಯರಿಗೆ ಬೇಸರವಾಯಿತು. ಕೋಟೆಯ ಕಾಗದದಲ್ಲಿ ಒಂದು ಸಾಲು ಕೊಟ್ಟು ಸಮಾಧಾನ ಮಾಡಿದೆ.

ಯಾವ ಭಾಷೆಯಲ್ಲಿ

ಕನ್ನಡದಲ್ಲಿ. ಇದರಲ್ಲಿ ಅನುಮಾನ ಬೇಡ. ಸಂವಿಧಾನದ 350ನೇ ವಿಧಿ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೂ, ಅಲ್ಲಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡುವ ಹಕ್ಕು ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೂ ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೂ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಇರಬೇಕು ಎನ್ನುತ್ತದೆ. ಮೊದಲ ಸಾಲಿನಲ್ಲೇ "ಉತ್ತರವನ್ನು ಕನ್ನಡದಲ್ಲಿ ದಯಪಾಲಿಸಬೇಕು" ಎಂದು ಟೈಪು ಮಾಡಿಸಿ. ಆದರೂ ಮಲಯಾಳದಲ್ಲಿ ಬಂದರೆ ಸಿಟ್ಟಿನಲ್ಲಿ ಹರಿದು ಹಾಕಬೇಡಿ, ನಂಬರು ಬೇಕಾಗುತ್ತದೆ. ಅದರ ಪ್ರತಿ ಲಗತ್ತಿಸಿ, ಕನ್ನಡದಲ್ಲಿ ಕೊಡಿ ಎಂದು ಒಂದೇ ಸಾಲು ಬರೆದು ಕಳಿಸಿ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿಯ ಹತ್ತಿರ ಓದಿಸಿ ತಿಳಿದುಕೊಳ್ಳಿ, ಹಕ್ಕಿಗಾಗಿ ಕಾಯುತ್ತಾ ಗಡುವು ತಪ್ಪಿಸಿಕೊಳ್ಳಬೇಡಿ.

ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ನಾನು ಕನ್ನಡದ ಕೆಳಗೆ ಮಲಯಾಳವನ್ನೂ ಸೇರಿಸುತ್ತೇನೆ. 2005ರ ಆ ಕಾಯ್ದೆಯಲ್ಲಿ ಇಂಗ್ಲಿಷ್, ಹಿಂದಿ ಅಥವಾ ಪ್ರದೇಶದ ಅಧಿಕೃತ ಭಾಷೆ ಎಂದಿದೆ, ಅದರ ಮೇಲೆ ಚರ್ಚೆಗೆ ನಿಂತರೆ ದಿನ ಹೋಗುತ್ತದೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ನಿಮ್ಮ ಅರ್ಜಿ ಏನಾಯಿತು ಎಂದು ಕೇಳಬೇಡಿ, ಏನೂ ಆಗಿಲ್ಲ ಎಂದು ಬರುತ್ತದೆ. ಇಂಥ ತಾರೀಕಿನ, ಇಂಥ ನಂಬರಿನ ಅರ್ಜಿಯ ಕಡತದಲ್ಲಿ ಈವರೆಗೆ ಬರೆದ ಟಿಪ್ಪಣಿಗಳ ಪ್ರತಿ ಕೊಡಿ ಎಂದು ಕೇಳಿ. ಉತ್ತರ ಬಾರದಿದ್ದರೆ ಅಥವಾ ಸರಿಯಾಗದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಸ್ವೀಕೃತಿಯ ಮುದ್ರೆ ಇಲ್ಲದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸಿ ತನ್ನಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟು. ಐದು ಕಾಗದಕ್ಕೆ ಐದು ಕವರು, ಐದು ರಶೀದಿ, ಒಂದು ಪುಸ್ತಕದಲ್ಲಿ ಅಂಟಿಸಿಡಿ.

ಹಿರಿಯರ ಐದು ಕಾಗದದಲ್ಲಿ ಶಾಲೆಯದ್ದಕ್ಕೆ ಉತ್ತರ ಬಂದಿಲ್ಲ. ರಸ್ತೆಯದ್ದು, ಅಂದರೆ ಕಾಣೆಯಾದ ಬಸ್ ಸ್ಟಾಪಿನ ಕಾಗದ, ಎರಡು ಕಚೇರಿಗಳ ನಡುವೆ ಇದೆ, ಮಾಡಿನದ್ದು ಜಾಗದ ದಾಖಲೆ ಸಿಗದೆ ನಿಂತಿದೆ. ಕೋಟೆ ನೋಡಲು ಒಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು, ಎಳನೀರು ಕುಡಿದರು. ತಾತ್ಕಾಲಿಕ ಪರ್ಮಿಟ್ಟಿನ ವಿಚಾರಣೆ ಬರುವ ತಿಂಗಳು ಉಂಟು.

ಬರೆಸಲು ಬರುವವರು ಸರ್ವೆ ನಂಬರು ತಂದೇ ಬನ್ನಿ. ಸಂಜೆ ಐದರ ಮೇಲೆ ಬರಬೇಡಿ ಮಾರಾಯ್ರೆ, ನನ್ನ ಊರಿಗೆ ಹೋಗುವ ಕೊನೆಯ ಬಸ್ಸು ಆರು ಕಾಲಿಗೆ.